ಉಸಿರು ಬಿಡುವುದನ್ನು ಕಲಿಯುವುದು: ಸಿಒಪಿಡಿ ಇರುವವರ ದಿನಚರಿಗೊಂದು ಮಾರ್ಗದರ್ಶಿ

ಕೆಲಸ ಮೈಮೇಲೆ ಬಿದ್ದಾಗ ನಾವು "ಉಸಿರು ಬಿಡಲೂ ಪುರುಸೊತ್ತಿಲ್ಲ" ಎನ್ನುತ್ತೇವೆ. ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರ ಪಾಲಿಗೆ ಈ ಮಾತು ಅಕ್ಷರಶಃ ನಿಜ. ಅವರ ಕಷ್ಟವಿರುವುದು ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುವುದಕ್ಕಿಂತ ಹೆಚ್ಚಾಗಿ ಒಳಗೆ ಹೋದದ್ದನ್ನು ಹೊರಕ್ಕೆ ಬಿಡುವುದರಲ್ಲಿ. ಗಾಳಿಯ ಕೊಳವೆಗಳು ಊದಿಕೊಂಡು, ಕಫ ಕಟ್ಟಿ ಕಿರಿದಾಗಿರುತ್ತವೆ. ಗಾಳಿಚೀಲಗಳ ಗೋಡೆಗಳು ಹರಿದು, ಹಳೆಯ ರಬ್ಬರಿನಂತೆ ಹಿಂದಕ್ಕೆ ಸೆಳೆಯುವ ಶಕ್ತಿಯನ್ನು ಕಳೆದುಕೊಂಡಿರುತ್ತವೆ. ಹಿಂದಿನ ಉಸಿರು ಪೂರ್ತಿ ಹೊರಗೆ ಹೋಗುವ ಮೊದಲೇ ಮುಂದಿನದು ಬಂದು ಸೇರಿಕೊಳ್ಳುತ್ತದೆ. ತುಂಬಿದ ಕೊಡಕ್ಕೆ ಮತ್ತೆ ನೀರು ಹಿಡಿಸದಂತೆ, ಉಬ್ಬಿ ನಿಂತ ಎದೆಗೆ ಹೊಸ ಗಾಳಿ ಹಿಡಿಸುವುದಿಲ್ಲ. ಇದೊಂದು ವಿಷಯ ಮನಸ್ಸಿಗೆ ಇಳಿದರೆ ಮುಂದೆ ಹೇಳುವ ಬಹುತೇಕ ಸಲಹೆಗಳ ಕಾರಣ ತಾನಾಗಿಯೇ ತಿಳಿಯುತ್ತದೆ.

ನನ್ನ ಅಮ್ಮ ತೀರ್ಥಹಳ್ಳಿ ಕಡೆಯವರು. ಬೀಡಿ ಸಿಗರೇಟನ್ನು ಕೈಯಲ್ಲೂ ಹಿಡಿದವರಲ್ಲ. ಆದರೆ ಅಡುಗೆಮನೆಯ ಸೌದೆ ಒಲೆ, ಬೆಳಗಿನಿಂದ ಉರಿಯುವ ಬಚ್ಚಲ ಹಂಡೆಯ ಒಲೆ, ಕೊಯ್ಲಿನ ತಿಂಗಳುಗಳಲ್ಲಿ ಅಡಿಕೆ ಬೇಯಿಸುವ ಒಲೆ, ಹೀಗೆ ಮೂರು ಒಲೆಗಳ ಹೊಗೆಯನ್ನು ನಲವತ್ತು ವರ್ಷ ಕುಡಿದವರು. ಅವರನ್ನು ನೋಡಿಕೊಳ್ಳುತ್ತ, ವೈದ್ಯರಿಂದಲೂ ಫಿಸಿಯೋಥೆರಪಿಸ್ಟರಿಂದಲೂ ನಮ್ಮದೇ ತಪ್ಪುಗಳಿಂದಲೂ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಔಷಧದ ಹೆಸರು ಮತ್ತು ಪ್ರಮಾಣವನ್ನು ನಿಮ್ಮ ವೈದ್ಯರೇ ನಿರ್ಧರಿಸಬೇಕು.

ಮೊದಲ ಹೆಜ್ಜೆ: ಕಾಯಿಲೆಯನ್ನು ಅಳೆಸುವುದು

ನಮ್ಮಲ್ಲಿ ದಮ್ಮು, ಉಬ್ಬಸ, ಗೂರಲು ಎಂಬ ಹೆಸರುಗಳೆಲ್ಲ ಒಂದೇ ಅರ್ಥದಲ್ಲಿ ಬಳಕೆಯಾಗುವುದರಿಂದ, ಅಸ್ತಮಾ ಯಾವುದು, ಸಿಒಪಿಡಿ ಯಾವುದು, ಹೃದಯದ ತೊಂದರೆ ಯಾವುದು ಎಂಬುದು ವರ್ಷಗಟ್ಟಲೆ ಗೊತ್ತಾಗದೆ ಉಳಿಯುವುದುಂಟು. ಇದನ್ನು ಖಚಿತಪಡಿಸುವ ಪರೀಕ್ಷೆ ಸ್ಪೈರೊಮೆಟ್ರಿ. ಎಕ್ಸ್‌ರೇ ಒಂದರಿಂದಲೇ ಇದು ತೀರ್ಮಾನವಾಗುವುದಿಲ್ಲ. ಒಂದು ಕೊಳವೆಯೊಳಗೆ ಇದ್ದಬದ್ದ ಬಲವನ್ನೆಲ್ಲ ಹಾಕಿ ಊದಬೇಕು. ಪೂರ್ತಿ ಊದಿದ ಗಾಳಿಯಲ್ಲಿ ಎಷ್ಟು ಪಾಲು ಮೊದಲ ಒಂದು ಸೆಕೆಂಡಿನಲ್ಲಿಯೇ ಹೊರಬಂತು ಎಂಬುದನ್ನು ಯಂತ್ರ ಲೆಕ್ಕ ಹಾಕುತ್ತದೆ. ಕೊಳವೆ ಹಿಗ್ಗಿಸುವ ಔಷಧ ಎಳೆದುಕೊಂಡ ನಂತರವೂ ಆ ಪಾಲು 0.70ಕ್ಕಿಂತ ಕಡಿಮೆ ಇದ್ದು, ಲಕ್ಷಣಗಳೂ ಹೊಗೆ ದೂಳಿನ ಹಿನ್ನೆಲೆಯೂ ಹೊಂದಿಕೆಯಾದರೆ ಸಿಒಪಿಡಿ ಎನ್ನುತ್ತಾರೆ. ಅಮ್ಮನಿಗೆ ಐದಾರು ವರ್ಷ ಬರೀ ಕೆಮ್ಮಿನ ಸಿರಪ್ ಕುಡಿಸಿದ ಮೇಲೆ ಈ ಪರೀಕ್ಷೆ ಆಯಿತು. ನಿಮ್ಮ ಮನೆಯಲ್ಲಿ ಹಾಗಾಗುವುದು ಬೇಡ.

ಹೊಗೆಯ ಹಿನ್ನೆಲೆಯನ್ನು ವೈದ್ಯರಿಗೆ ಅಂಕಿಯಲ್ಲಿಯೇ ಹೇಳಿ. ಬೀಡಿ ಎಷ್ಟು, ಎಷ್ಟು ವರ್ಷ ಎಂದು ಹೇಳುವಂತೆ ಒಲೆಯದಕ್ಕೂ ಲೆಕ್ಕವಿದೆ: ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ, ಎಷ್ಟು ವರ್ಷ, ಎರಡನ್ನೂ ಗುಣಿಸಬೇಕು. ಮೈಸೂರು ಜಿಲ್ಲೆಯ ಗ್ರಾಮೀಣ ಮಹಿಳೆಯರ ಬಗ್ಗೆ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಈ ಗುಣಲಬ್ಧ 60 ಮುಟ್ಟಿದರೆ ಕೆಮ್ಮು ಕಫ ಬಿಡದೆ ಕಾಡುವ ದೀರ್ಘಕಾಲದ ಬ್ರಾಂಕೈಟಿಸ್‌ನ ಅಪಾಯ ಗಣನೀಯವಾಗುತ್ತದೆ ಎಂದು ಗುರುತಿಸಿತ್ತು. ದಿನಕ್ಕೆ ನಾಲ್ಕು ಗಂಟೆಯಂತೆ ನಲವತ್ತು ವರ್ಷ ಎಂದರೆ ಅಮ್ಮನದು 160. ಗಂಡಸರ ಮಾತು ಬಂದಾಗ ಕಲ್ಲು ಕ್ವಾರಿ ಮತ್ತು ಅಕ್ಕಿ ಗಿರಣಿಯ ದೂಳು, ಹಿಂದೆಂದೋ ಬಂದು ವಾಸಿಯಾದ ಕ್ಷಯ, ಇವುಗಳನ್ನೂ ಮರೆಯದೆ ಹೇಳಬೇಕು.

ಎರಡನೆಯ ಹೆಜ್ಜೆ: ಮನೆಯಿಂದ ಹೊಗೆಯನ್ನು ಹೊರಹಾಕುವುದು

ಹಾಳಾದ ಶ್ವಾಸಕೋಶ ಮೊದಲಿನಂತಾಗುವುದಿಲ್ಲ. ಇನ್ನಷ್ಟು ಹಾಳಾಗುವ ವೇಗವನ್ನು ತಗ್ಗಿಸಲು ಸಾಧ್ಯ, ಮತ್ತು ಅದಕ್ಕೆ ಹೊಗೆಯಿಂದ ದೂರವಾಗುವಷ್ಟು ಪರಿಣಾಮಕಾರಿಯಾದ ಔಷಧ ಮತ್ತೊಂದಿಲ್ಲ. ಬೀಡಿ ಸಿಗರೇಟು ಸೇದುವವರು ಎಪ್ಪತ್ತನೆಯ ವಯಸ್ಸಿನಲ್ಲಿ ಬಿಟ್ಟರೂ ಲಾಭವಿದೆ. ಒಬ್ಬರೇ ಹೆಣಗುವ ಬದಲು 1800-11-2356 ಎಂಬ ರಾಷ್ಟ್ರೀಯ ತಂಬಾಕು ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಬಹುದು. ನಿಕೋಟಿನ್ ಗಮ್ ಅಥವಾ ಪಟ್ಟಿಯ ಬಗ್ಗೆ ವೈದ್ಯರನ್ನು ಕೇಳಬಹುದು.

ಅಡುಗೆಗೆ ಗ್ಯಾಸ್ ಬಂದ ಮನೆಗಳಲ್ಲೂ ಬಚ್ಚಲ ಒಲೆ ಉಳಿದುಕೊಂಡಿರುತ್ತದೆ ಎಂಬುದು ಮಲೆನಾಡಿನವರಿಗೆ ಹೇಳಬೇಕಾದ ಮಾತಲ್ಲ. ನಮ್ಮಲ್ಲಿಯೂ ಅಷ್ಟೇ. ಹಂಡೆಯ ನೀರಿನ ಸ್ನಾನದ ಸುಖವನ್ನು ಬಿಡಲಾಗದೆ, ಗ್ಯಾಸ್ ಬಂದ ಎಂಟು ವರ್ಷಗಳ ತನಕ ಆ ಒಲೆಗೆ ಉರಿ ಹಾಕಿದೆವು. ಕೊನೆಗೆ ಸೋಲಾರ್ ಹೀಟರ್ ಹಾಕಿಸಿ, ಮಳೆಗಾಲಕ್ಕೆಂದು ಗೀಸರ್ ಇಟ್ಟು, ಹಂಡೆಯನ್ನು ಅಟ್ಟಕ್ಕೇರಿಸಿದೆವು. ಒಲೆಯನ್ನು ತೆಗೆಯಲು ಆಗದವರು ಕಾಯಿಲೆಯವರನ್ನಾದರೂ ಉರಿ ಹಾಕುವ ಕೆಲಸದಿಂದ ಬಿಡಿಸಬೇಕು. ಹಸಿ ಸೌದೆಯನ್ನು ಬಳಸಬಾರದು. ಹೊಗೆ ಕೊಳವೆಯನ್ನು ಮಾಡಿನಿಂದ ಎತ್ತರಕ್ಕೆ ಕಟ್ಟಿಸಬೇಕು.

ಚಿಕ್ಕ ಹೊಗೆಗಳ ಪಟ್ಟಿ ಉದ್ದವಿದೆ: ಸೊಳ್ಳೆ ಬತ್ತಿ, ಊದುಬತ್ತಿ, ಸಾಂಬ್ರಾಣಿ, ಕರ್ಪೂರ, ಅಂಗಳದಲ್ಲಿ ತರಗೆಲೆಗೆ ಇಡುವ ಬೆಂಕಿ, ದೀಪಾವಳಿಯ ಪಟಾಕಿ. ಸೊಳ್ಳೆಗೆ ಪರದೆಯೇ ಸಾಕು. ದೇವರಿಗೆ ಹೂವು ಮತ್ತು ಎಣ್ಣೆಯ ದೀಪ ಸಾಲದೇ ಎಂದು ಕೇಳಿದ್ದಕ್ಕೆ ಅಮ್ಮ ಎರಡು ದಿನ ಮುಖ ಊದಿಸಿಕೊಂಡಿದ್ದರು, ಮೂರನೆಯ ದಿನ ಊದುಬತ್ತಿಯ ಕಟ್ಟನ್ನು ಅವರೇ ಪಕ್ಕದ ಮನೆಗೆ ಕೊಟ್ಟರು. ಮೆಣಸಿನಕಾಯಿ ಹುರಿಯುವ ದಿನ ಅವರನ್ನು ಜಗುಲಿಯಲ್ಲಿ ಕೂರಿಸುತ್ತೇವೆ, ಏಕೆಂದರೆ ಆ ಘಾಟಿಗೆ ಕೆಮ್ಮು ಹತ್ತಿದರೆ ಒಂದು ಗಂಟೆಯಾದರೂ ನಿಲ್ಲುವುದಿಲ್ಲ.

ಮೂರನೆಯ ಹೆಜ್ಜೆ: ಎಳೆದುಕೊಳ್ಳುವ ಔಷಧವನ್ನು ಸರಿಯಾಗಿ ಎಳೆದುಕೊಳ್ಳುವುದು

ಇನ್ಹೇಲರ್ ಹಿಡಿದರೆ ಚಟವಾಗುತ್ತದೆ, ಅದು ಕೊನೆಯ ಘಟ್ಟದ ಔಷಧ ಎಂಬ ಎರಡು ಮಾತುಗಳನ್ನು ನೆಂಟರಿಷ್ಟರು ಹೇಳಿಯೇ ಹೇಳುತ್ತಾರೆ. ಎರಡೂ ಸುಳ್ಳು. ಮಾತ್ರೆ ಹೊಟ್ಟೆಗೆ ಇಳಿದು ರಕ್ತದ ಮೂಲಕ ಮೈಯೆಲ್ಲ ಸುತ್ತಿ ಶ್ವಾಸಕೋಶಕ್ಕೆ ಬರಬೇಕು. ಇದು ನೇರವಾಗಿ ಬೇಕಾದಲ್ಲಿಗೇ ಹೋಗುವುದರಿಂದ ತೀರ ಕಡಿಮೆ ಪ್ರಮಾಣ ಸಾಕಾಗುತ್ತದೆ. ಹೆಸರಿಲ್ಲದ ಪೊಟ್ಟಣದಲ್ಲಿ ದಮ್ಮಿಗೆಂದು ಮಾರುವ ಪುಡಿಗಳ ವಿಷಯದಲ್ಲಿ ಮಾತ್ರ ನಿಜವಾಗಿ ಹೆದರಬೇಕು, ಅದರೊಳಗೆ ಏನಿದೆ ಎಂದು ಯಾರಿಗೂ ತಿಳಿದಿರುವುದಿಲ್ಲ.

ಔಷಧಗಳಲ್ಲಿ ಎರಡು ಬಗೆ. ತಕ್ಷಣಕ್ಕೆ ಆರಾಮ ಕೊಡುವುದು ಒಂದು. ಸಾಲ್ಬುಟಮಾಲ್, ಲೆವೊಸಾಲ್ಬುಟಮಾಲ್ ಈ ಗುಂಪಿನವು. ಆರಾಮವಿರಲಿ ಇಲ್ಲದಿರಲಿ, ಪ್ರತಿದಿನ ತೆಗೆದುಕೊಳ್ಳಬೇಕಾದದ್ದು ಇನ್ನೊಂದು. "ಇವತ್ತು ಚೆನ್ನಾಗಿದ್ದೇನೆ" ಎಂದು ಎರಡನೆಯದನ್ನು ಬಿಡುವುದೇ ಹೆಚ್ಚಿನವರು ಮಾಡುವ ತಪ್ಪು. ಬಣ್ಣ ನೋಡಿ ಗುರುತಿಸುವ ಬದಲು, ಡಬ್ಬಿಯ ಮೇಲೆ "ದಿನಾ" ಮತ್ತು "ದಮ್ಮು ಬಂದಾಗ" ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿ.

ಒತ್ತುವ ಇನ್ಹೇಲರ್, ಅಂದರೆ ಜನ ಪಂಪು ಎನ್ನುವುದನ್ನು, ಬಳಸುವ ಕ್ರಮ ಹೀಗಿದೆ:

1. ಮುಚ್ಚಳ ತೆಗೆದು ಚೆನ್ನಾಗಿ ಕುಲುಕಿ, ಬೆನ್ನು ನೆಟ್ಟಗೆ ಮಾಡಿ ಕುಳಿತುಕೊಳ್ಳಿ.
2. ಮೊದಲು ಉಸಿರನ್ನು ನಿಧಾನವಾಗಿ ಪೂರ್ತಿ ಹೊರಗೆ ಬಿಡಿ. ಎಲ್ಲರೂ ಮರೆಯುವ ಹೆಜ್ಜೆ ಇದೇ.
3. ತುಟಿಗಳಿಂದ ಬಾಯಿಕೊಳವೆಯನ್ನು ಸಂದಿಲ್ಲದಂತೆ ಹಿಡಿದು, ನಿಧಾನವಾಗಿ ಎಳೆಯಲು ಶುರು ಮಾಡುತ್ತಿದ್ದಂತೆ ಒಮ್ಮೆ ಒತ್ತಿ, ಎಳೆಯುವುದನ್ನು ಮುಂದುವರಿಸಿ.
4. ಬಾಯಿ ಮುಚ್ಚಿ ಹತ್ತು ಎಣಿಸುವವರೆಗೆ, ಆಗದಿದ್ದರೆ ಆದಷ್ಟು ಹೊತ್ತು, ಉಸಿರು ಹಿಡಿಯಿರಿ.
5. ಎರಡನೆಯ ಸಲ ಬೇಕಿದ್ದರೆ ಅರ್ಧದಿಂದ ಒಂದು ನಿಮಿಷ ಬಿಟ್ಟು ಮತ್ತೆ ಕುಲುಕಿ.

ಒತ್ತುವುದೂ ಎಳೆಯುವುದೂ ಒಟ್ಟಿಗೆ ಕೂಡಿಬರದ ವಯಸ್ಸಾದವರಿಗೆ ಪಂಪಿಗೆ ಜೋಡಿಸುವ ಸ್ಪೇಸರ್ ಎಂಬ ಪ್ಲಾಸ್ಟಿಕ್ ಬುರುಡೆ ಬೇಕೇಬೇಕು. ಅದನ್ನು ವಾರಕ್ಕೊಮ್ಮೆ ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ತೊಳೆದು, ಬಟ್ಟೆಯಿಂದ ಉಜ್ಜದೆ ಗಾಳಿಗೆ ಒಣಗಲು ಬಿಡಬೇಕು. ಉಜ್ಜಿದರೆ ಒಳಗೆ ವಿದ್ಯುದಂಶ ಹುಟ್ಟಿ ಔಷಧ ಗೋಡೆಗೇ ಅಂಟಿಕೊಳ್ಳುತ್ತದೆ.

ಕ್ಯಾಪ್ಸೂಲ್ ಹಾಕಿ ಎಳೆಯುವ ಪುಡಿಯ ಸಾಧನದ್ದು ಇದಕ್ಕೆ ತದ್ವಿರುದ್ಧ ಸ್ವಭಾವ: ಅದನ್ನು ಜೋರಾಗಿ, ವೇಗವಾಗಿ, ಆಳವಾಗಿ ಎಳೆಯಬೇಕು, ಸಾಧನದೊಳಕ್ಕೆ ಊದಬಾರದು. ಊರಿನ ಮಳೆಗಾಲದ ತೇವಕ್ಕೆ ಪುಡಿ ಗಂಟು ಕಟ್ಟುವುದರಿಂದ ಕ್ಯಾಪ್ಸೂಲನ್ನು ಬಳಸುವ ಹೊತ್ತಿಗೇ ಹೊರಗೆ ತೆಗೆಯಬೇಕು. ಔಷಧದಂಗಡಿಯವರು ಪೊಟ್ಟಣ ಕೊಟ್ಟು ಕಳುಹಿಸಿದ ಮೊದಲ ವಾರ ಅಮ್ಮ ಆ ಕ್ಯಾಪ್ಸೂಲುಗಳನ್ನು ನೀರಿನ ಜೊತೆ ನುಂಗಿದ್ದರು. ಬಳಸುವ ಕ್ರಮವನ್ನು ಯಾರೂ ತೋರಿಸಿರಲಿಲ್ಲ, ನಾನೂ ಕೇಳಿರಲಿಲ್ಲ. ಆದ್ದರಿಂದ ಪ್ರತಿ ಭೇಟಿಯಲ್ಲೂ ನಿಮ್ಮ ಇನ್ಹೇಲರನ್ನು ಜೊತೆಗೆ ಒಯ್ದು, ವೈದ್ಯರ ಎದುರಿಗೇ ಎಳೆದು ತೋರಿಸಿ. ಸ್ಟೀರಾಯ್ಡ್ ಇರುವ ಔಷಧ ಎಳೆದ ಮೇಲೆ ಬಾಯಿ ಮುಕ್ಕಳಿಸಿ, ಗಂಟಲು ಗಳಗಳಿಸಿ ಉಗುಳದಿದ್ದರೆ ನಾಲಿಗೆಯ ಮೇಲೆ ಬಿಳಿಯ ಬೂಷ್ಟು ಬರುತ್ತದೆ. ತಿಂಗಳ ಖರ್ಚು ಭಾರವಾದರೆ ಜನೌಷಧಿ ಕೇಂದ್ರದಲ್ಲಿ ಅದೇ ಔಷಧ ಸಿಗುವುದೇ ಎಂದು ವಿಚಾರಿಸಿ, ಸಾಧನ ಬದಲಾದರೆ ಬಳಸುವ ಕ್ರಮವನ್ನು ಹೊಸದಾಗಿ ಕಲಿಯಿರಿ.

ಬೇರೆ ವೈದ್ಯರ ಬಳಿ ಹೋದಾಗಲೂ ಈ ಕಾಯಿಲೆಯ ಹೆಸರು ಹೇಳಬೇಕು. ಕಣ್ಣಿನ ಒತ್ತಡಕ್ಕೆ ಹಾಕುವ ಟಿಮೊಲಾಲ್‌ನಂಥ ಹನಿಯೂ ಕೆಲವರಲ್ಲಿ ಉಸಿರನ್ನು ಕಟ್ಟಿಸಬಲ್ಲದು. ನಿದ್ರೆಯ ಮಾತ್ರೆಗಳನ್ನು ಸ್ವಂತ ಬುದ್ಧಿಯಿಂದ ನುಂಗುವುದಂತೂ ಅಪಾಯ.

ನಾಲ್ಕನೆಯ ಹೆಜ್ಜೆ: ತುಟಿ ಮುದುಡಿ ಉಸಿರು ಬಿಡುವುದು

ಫಿಸಿಯೋಥೆರಪಿಸ್ಟ್ ಇದನ್ನು ಕಲಿಸಿದ ದಿನ ಅಮ್ಮ ನನ್ನ ಕಡೆ ತಿರುಗಿ, "ಇದು ಒಲೆ ಊದಿದ ಹಾಗೇ ಅಲ್ವಾ ಮಗಾ?" ಎಂದರು. ನಿಜಕ್ಕೂ ಹಾಗೆಯೇ. ಊದುಗೊಳವೆಗೆ ತುಟಿ ಕೊಟ್ಟಂತೆ ಮುದುಡಬೇಕು, ಆದರೆ ಕೆಂಡ ಹೊತ್ತಿಸುವ ಜೋರು ಇರಬಾರದು. ದೀಪದ ಕುಡಿ ಆರದೆ ಬರೀ ಬಾಗುವಷ್ಟು ಮೆತ್ತಗಿರಬೇಕು. ಕಾಯಿಲೆ ತಂದ ಒಲೆಯೇ ಮದ್ದಿನ ಪಾಠವನ್ನೂ ಕಲಿಸಿಟ್ಟಿತ್ತು ಎಂದು ಆಮೇಲೆ ನಾವಿಬ್ಬರೂ ನಕ್ಕೆವು.

ಭುಜಗಳನ್ನು ಸಡಿಲ ಬಿಟ್ಟು, ಬಾಯಿ ಮುಚ್ಚಿ, ಮೂಗಿನಿಂದ ಎರಡು ಎಣಿಸುವಷ್ಟು ಹೊತ್ತು ಉಸಿರು ತೆಗೆದುಕೊಳ್ಳಿ. ಆಮೇಲೆ ಮುದುಡಿದ ತುಟಿಗಳ ನಡುವಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಬಿಡಿ. ತುಟಿಯ ಬಳಿ ಹುಟ್ಟುವ ತಡೆ ಒಳಗಿನ ಕೊಳವೆಗಳು ಬೇಗ ಕುಸಿಯದಂತೆ ತೆರೆದಿಡುವುದರಿಂದ, ಸಿಕ್ಕಿಕೊಂಡಿದ್ದ ಗಾಳಿಗೆ ಹೊರಬರಲು ದಾರಿಯಾಗುತ್ತದೆ. ಆರಾಮವಾಗಿರುವಾಗ ದಿನಕ್ಕೆ ಮೂರು ನಾಲ್ಕು ಸಲ ರೂಢಿ ಮಾಡಿಕೊಳ್ಳಬೇಕು; ದಮ್ಮು ಕಟ್ಟಿದ ಗಾಬರಿಯಲ್ಲಿ ಹೊಸದನ್ನು ಕಲಿಯುವುದಕ್ಕೆ ಆಗುವುದಿಲ್ಲ.

ದಮ್ಮು ಕಟ್ಟಿದಾಗ ಮಲಗಿಸಬೇಡಿ. ಕುರ್ಚಿಯಲ್ಲಿ ಕೂರಿಸಿ, ಸ್ವಲ್ಪ ಮುಂದಕ್ಕೆ ಬಾಗಿ ಮೊಣಕೈಗಳನ್ನು ತೊಡೆಯ ಮೇಲೋ ಮೇಜಿನ ದಿಂಬಿನ ಮೇಲೋ ಊರಿಸಿ. ಸುತ್ತ ಗುಂಪುಗೂಡಿ "ಜೋರಾಗಿ ಉಸಿರು ಎಳ್ಕೊಳ್ಳಿ" ಎಂದು ಕೂಗುವುದು ನಮ್ಮ ಜನರ ವಾಡಿಕೆ. ತುಂಬಿದ ಎದೆಗೆ ಇನ್ನಷ್ಟು ತುಂಬು ಎಂದಂತಾಯಿತು ಅದು. "ನಿಧಾನಕ್ಕೆ ಬಿಡಿ" ಎನ್ನಬೇಕು. ಮುಖಕ್ಕೆ ಫ್ಯಾನಿನ ಗಾಳಿ ಬಡಿಯುವಂತಿಟ್ಟರೆ ಹಲವರಿಗೆ ಹಿತವೆನಿಸುತ್ತದೆ.

ಕಫ ಹೊರಹಾಕಲು ಬೆನ್ನು ಬಾಗುವಂತೆ ಕೆಮ್ಮಿ ಸುಸ್ತಾಗಬೇಕಿಲ್ಲ. ಸ್ವಲ್ಪ ಆಳವಾಗಿ ಉಸಿರು ತೆಗೆದು, ಎರಡು ಮೂರು ಸೆಕೆಂಡು ಹಿಡಿದು, ಕನ್ನಡಿಗೆ ಮಂಜು ಹಿಡಿಸುವಾಗ ಮಾಡುವಂತೆ ಬಾಯಿ ತೆರೆದು "ಹ್ಹಾ" ಎಂದು ಹೊರಕ್ಕೆ ತಳ್ಳಿದರೆ ಕಫ ಮೇಲೇರಿ ಬರುತ್ತದೆ.

ಐದನೆಯ ಹೆಜ್ಜೆ: ಮನೆಗೆಲಸವನ್ನು ಉಸಿರಿಗೆ ಹೊಂದಿಸುವುದು

ಸೂತ್ರ ಒಂದೇ: ಶ್ರಮದ ಕ್ಷಣದಲ್ಲಿ ಉಸಿರು ಹೊರಗೆ ಹೋಗುತ್ತಿರಬೇಕು. ಬಿಂದಿಗೆ ಎತ್ತುವ ಮೊದಲು ಉಸಿರು ತೆಗೆದುಕೊಂಡು, ಎತ್ತುತ್ತ ಬಿಡಬೇಕು. ಬಾಗುವಾಗಲೂ ಏಳುವಾಗಲೂ ಹಾಗೆಯೇ. ಮೆಟ್ಟಿಲಿನಲ್ಲಿ ನಿಂತು ಉಸಿರು ತೆಗೆದುಕೊಂಡು, ತುಟಿ ಮುದುಡಿ ಬಿಡುತ್ತ ಒಂದೋ ಎರಡೋ ಮೆಟ್ಟಿಲು ಹತ್ತಿ, ಮತ್ತೆ ನಿಲ್ಲಬೇಕು. ನಮ್ಮ ಮನೆಗೆ ಹನ್ನೊಂದು ಮೆಟ್ಟಿಲು. ಮೊದಲು ಅಮ್ಮ ಉಸಿರು ಬಿಗಿಹಿಡಿದು ಒಂದೇ ಓಟಕ್ಕೆ ಹತ್ತಿ, ಮೇಲೆ ಬಂದು ಹತ್ತು ನಿಮಿಷ ಮಾತಾಡದೆ ಕೂರುತ್ತಿದ್ದರು. ಈಗ ಆರನೆಯ ಮೆಟ್ಟಿಲಿನ ಪಕ್ಕದ ಕಟ್ಟೆಯ ಮೇಲೆ ಕುಳಿತು, ಎದುರುಮನೆಯವರನ್ನು ಮಾತಾಡಿಸಿಕೊಂಡೇ ಮೇಲೆ ಬರುತ್ತಾರೆ.

ಅತಿ ಹೆಚ್ಚು ದಣಿಸುವುದು ಸ್ನಾನ. ಬಚ್ಚಲಿನಲ್ಲಿ ಪ್ಲಾಸ್ಟಿಕ್ ಸ್ಟೂಲು, ಕೈಗೆಟುಕುವಲ್ಲಿ ಬಕೆಟ್ಟು, ಹಬೆ ಹೋಗಲು ತೆರೆದ ಕಿಟಕಿ ಇರಲಿ. ಮೈಯನ್ನು ಉಜ್ಜಿ ಒರೆಸುವ ಬದಲು ದೊಡ್ಡ ಟವೆಲನ್ನು ಹೊದ್ದು ಐದು ನಿಮಿಷ ಕೂತರೆ ನೀರು ತಾನೇ ಹೀರಿಹೋಗುತ್ತದೆ. ಕೈಗಳನ್ನು ತಲೆಯ ಮಟ್ಟಕ್ಕೆ ಎತ್ತಿ ಮಾಡುವ ಕೆಲಸಗಳು ಉಸಿರನ್ನು ಬೇಗ ಕದಿಯುವುದರಿಂದ, ತಲೆ ಬಾಚುವಾಗ ಮೊಣಕೈ ಮೇಜಿನ ಮೇಲಿರಲಿ. ಬಟ್ಟೆ ಒಣಹಾಕುವ ತಂತಿಯನ್ನು ಎದೆಮಟ್ಟಕ್ಕೆ ಇಳಿಸಿ. ತರಕಾರಿಯನ್ನು ಈಳಿಗೆಮಣೆಯಲ್ಲಿ ಬಾಗಿ ಹೆಚ್ಚದೆ ಮೇಜಿನ ಮೇಲೆ ಹೆಚ್ಚಬಹುದು. ಕುಕ್ಕರಗಾಲಿನಲ್ಲಿ ಕೂರುವ ಕಕ್ಕಸಿಗಿಂತ ಕಮೋಡು ಲೇಸು.

ನಡಿಗೆಯನ್ನು ಮಾತ್ರ ನಿಲ್ಲಿಸಬಾರದು. ದಮ್ಮು ಬರುತ್ತದೆಂದು ಕೂತರೆ ಕಾಲಿನ ಸ್ನಾಯು ಕರಗುತ್ತದೆ, ಕರಗಿದ ಸ್ನಾಯು ಅದೇ ಕೆಲಸಕ್ಕೆ ಹೆಚ್ಚು ಗಾಳಿ ಬೇಡುತ್ತದೆ, ದಮ್ಮು ಇನ್ನೂ ಬೇಗ ಬರುತ್ತದೆ. ದೊಡ್ಡ ಆಸ್ಪತ್ರೆಗಳ ಶ್ವಾಸಕೋಶ ವಿಭಾಗದಲ್ಲಿ ಆರರಿಂದ ಎಂಟು ವಾರಗಳ ಪುನಶ್ಚೇತನ ತರಬೇತಿ ಇದೆಯೇ ಎಂದು ಕೇಳಿ. ಬೆಂಗಳೂರಿನಲ್ಲಿ ಎದೆರೋಗಗಳಿಗೆಂದೇ ಇರುವ ಸರ್ಕಾರಿ ಸಂಸ್ಥೆ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ. ಹತ್ತಿರದಲ್ಲಿ ಏನೂ ಇಲ್ಲದಿದ್ದರೆ ವೈದ್ಯರ ಒಪ್ಪಿಗೆ ಪಡೆದು, ಸಮತಟ್ಟಾದ ಜಾಗದಲ್ಲಿ ಐದು ನಿಮಿಷದಿಂದ ಶುರು ಮಾಡಿ ವಾರವಾರ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ನಡೆಯುತ್ತ ಚಿಕ್ಕ ವಾಕ್ಯವನ್ನು ಮಾತಾಡಲು ಆಗುವಷ್ಟು ಉಸಿರು ಉಳಿದಿರಲಿ; ಹಾಡಲು ಬರುವಂತಿದ್ದರೆ ನಡಿಗೆ ಸಾಲದು. ಚಳಿಗಾಲದ ಮಂಜು ಕವಿದ ಮುಂಜಾನೆ ಬೇಡ. ನಗರದವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್‌ನಲ್ಲಿ ಗಾಳಿಯ ಸ್ಥಿತಿ ನೋಡಿ ಹೊರಡಬಹುದು.

ಊಟ

ಹೊಟ್ಟೆ ಬಿರಿಯೆ ಉಂಡರೆ ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯುವಾದ ವಪೆಗೆ ಇಳಿಯಲು ಜಾಗವಿರುವುದಿಲ್ಲ, ಉಸಿರು ಮೇಲೆಯೇ ನಿಲ್ಲುತ್ತದೆ. ಎರಡು ದೊಡ್ಡ ಊಟಗಳನ್ನು ಐದು ಸಣ್ಣ ಊಟಗಳಾಗಿ ಒಡೆಯಿರಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಎಲೆಗೆ ಬಾಗಿ ಉಣ್ಣುವ ನಮ್ಮ ಪದ್ಧತಿ ಹೊಟ್ಟೆಯನ್ನು ಒತ್ತುವುದರಿಂದ ಮೇಜು ಕುರ್ಚಿಯೇ ಒಳ್ಳೆಯದು. ಈ ಕಾಯಿಲೆಯಲ್ಲಿ ಉಸಿರಾಟವೇ ದೊಡ್ಡ ದುಡಿಮೆಯಾಗುವುದರಿಂದ ಮೈ ಇಳಿಯುವುದು ಅಪಾಯದ ಸೂಚನೆ. ತಿಂಗಳಿಗೊಮ್ಮೆ ತೂಕ ನೋಡಿ. ಬೇಳೆ, ಮೊಳಕೆಕಾಳು, ಮೊಟ್ಟೆ, ಮೀನು, ಮೊಸರು ದಿನದ ಊಟದಲ್ಲಿರಲಿ. ಹಾಲಿನಿಂದ ಕಫ ಹೆಚ್ಚುತ್ತದೆ ಎಂದು ಹಾಲು ಮೊಸರು ಬಿಡಿಸಬೇಕಿಲ್ಲ.

ಆಮ್ಲಜನಕ: ಬೇಕಾದವರಿಗೆ, ಬೇಕಾದಷ್ಟು

ದಮ್ಮು ಬಂದವರಿಗೆಲ್ಲ ಮನೆಯಲ್ಲಿ ಆಮ್ಲಜನಕ ಬೇಕಿಲ್ಲ. ಆರಾಮವಾಗಿ ಕುಳಿತಿರುವಾಗಲೂ ರಕ್ತದ ಆಮ್ಲಜನಕ ಶೇಕಡಾ 88 ಅಥವಾ ಅದಕ್ಕಿಂತ ಕೆಳಗೆ ನಿಂತಿದ್ದರೆ, ವೈದ್ಯರು ರಕ್ತಪರೀಕ್ಷೆ ಮಾಡಿ ದಿನಕ್ಕೆ ಕನಿಷ್ಠ 15 ಗಂಟೆ ಹಚ್ಚಲು ಹೇಳುತ್ತಾರೆ. ಕೋವಿಡ್ ಕಾಲದಿಂದ ಎಲ್ಲರ ಮನೆಯಲ್ಲೂ ಆಕ್ಸಿಮೀಟರ್ ಇರುವುದರಿಂದ, 92 ಕಂಡ ಕೂಡಲೇ ಗಾಬರಿಯಾಗಿ ಹರಿವನ್ನು ಹೆಚ್ಚಿಸುವವರಿದ್ದಾರೆ. ಸಿಒಪಿಡಿ ಇರುವ ಕೆಲವರಲ್ಲಿ ಅತಿಯಾದ ಆಮ್ಲಜನಕದಿಂದ ಇಂಗಾಲದ ಡೈಆಕ್ಸೈಡ್ ಮೈಯಲ್ಲಿ ಕೂಡಿಕೊಂಡು ಮಂಪರು ಬರುತ್ತದೆ. ಅಂಥವರಿಗೆ 88ರಿಂದ 92ರ ನಡುವೆ ಇರಿಸುವುದೇ ಸರಿ. ಬೆಳಗ್ಗೆ ಏಳುವಾಗ ತಲೆನೋವು, ಹಗಲಿನಲ್ಲಿ ಅತಿ ತೂಕಡಿಕೆ ಇದ್ದರೆ ವೈದ್ಯರಿಗೆ ತಿಳಿಸಿ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಆಕ್ಸಿಮೀಟರ್ ತಪ್ಪು ತೋರಿಸುತ್ತದೆ.

ಆಮ್ಲಜನಕದ ಯಂತ್ರ ಓಡುತ್ತಿರುವ ಕೋಣೆಯಲ್ಲಿ ದೇವರ ದೀಪ, ಬೀಡಿ, ಗ್ಯಾಸ್ ಒಲೆ ಯಾವುದೂ ಉರಿಯಬಾರದು. ತುಟಿ ಮೂಗು ಒಣಗಿದರೆ ಎಣ್ಣೆ, ವ್ಯಾಸಲೀನ್ ಸವರದೆ ನೀರು ಆಧಾರಿತ ಜೆಲ್ ಹಚ್ಚಬೇಕು. ಕರೆಂಟು ಹೋಗುವುದು ದಿನಚರಿಯೇ ಆಗಿರುವ ಊರುಗಳಲ್ಲಿ ತುಂಬಿದ ಸಿಲಿಂಡರೊಂದು, ಅದನ್ನು ತೆರೆಯಲು ಬಲ್ಲ ಇಬ್ಬರು ಮನೆಯಲ್ಲಿರಲಿ.

ಕೆಟ್ಟ ದಿನಗಳಿಗೆ ಮೊದಲೇ ಸಿದ್ಧರಾಗುವುದು

ಪ್ರತಿ ಸಲ ಕಾಯಿಲೆ ಉಲ್ಬಣಿಸಿದಾಗಲೂ ಶ್ವಾಸಕೋಶ ಸ್ವಲ್ಪ ಹಿಂದೆ ಸರಿಯುತ್ತದೆ, ಪೂರ್ತಿ ಮರಳದೆಯೂ ಇರಬಹುದು. ಅದಕ್ಕೇ ವರ್ಷಕ್ಕೊಮ್ಮೆ ಫ್ಲೂ ಲಸಿಕೆ, ವೈದ್ಯರು ಹೇಳಿದಂತೆ ನ್ಯುಮೋಕಾಕಲ್ ಲಸಿಕೆ ಹಾಕಿಸಿಕೊಳ್ಳಿ. ನೆಗಡಿಯಾದ ಮೊಮ್ಮಕ್ಕಳು ನಾಲ್ಕು ದಿನ ಅಜ್ಜಿಯ ಪಕ್ಕ ಮಲಗದಿದ್ದರೆ ಪ್ರೀತಿ ಕಡಿಮೆಯಾಗುವುದಿಲ್ಲ.

ಎಚ್ಚರಿಕೆಯ ಗುರುತುಗಳು ಇವು: ಎಂದಿಗಿಂತ ಹೆಚ್ಚು ದಮ್ಮು, ಕಫದ ಪ್ರಮಾಣ ಹೆಚ್ಚುವುದು, ಬಿಳಿಯಿದ್ದ ಕಫ ಹಳದಿ ಅಥವಾ ಹಸಿರಾಗುವುದು, ಆರಾಮದ ಪಂಪನ್ನು ಪದೇ ಪದೇ ಹಿಡಿಯಬೇಕಾಗುವುದು, ಜ್ವರ, ಪಾದ ಊದಿಕೊಳ್ಳುವುದು. ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ವೈದ್ಯರನ್ನು ಸಂಪರ್ಕಿಸಬೇಕು. "ನಾಳೆ ನೋಡೋಣ" ಎಂದ ಒಂದು ಭಾನುವಾರ ನಮಗೆ ಒಂಬತ್ತು ದಿನದ ಆಸ್ಪತ್ರೆವಾಸ ಕೊಟ್ಟಿತು. ಕೆಲವರಿಗೆ ವೈದ್ಯರು ಇಂಥ ದಿನಕ್ಕೆಂದೇ ಔಷಧವನ್ನು ಮುಂಚಿತವಾಗಿ ಬರೆದುಕೊಡುತ್ತಾರೆ. ಕೊಟ್ಟಿದ್ದರೆ ಯಾವಾಗ ಶುರು ಮಾಡಬೇಕೆಂದು ಬರೆಸಿಕೊಳ್ಳಿ. ಮಿಕ್ಕ ಸ್ಟೀರಾಯ್ಡ್ ಮಾತ್ರೆಗಳನ್ನು ಮುಂದಿನ ಸಲಕ್ಕೆಂದು ಉಳಿಸಿಕೊಂಡು ತಾವಾಗಿಯೇ ನುಂಗುವುದು ಬೇಡ, ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ.

ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ದಮ್ಮು, ತುಟಿ ಉಗುರು ನೀಲಿಯಾಗುವುದು, ಗೊಂದಲ ಅಥವಾ ಮಂಪರು, ಪಂಪಿಗೂ ಬಗ್ಗದ ಉಬ್ಬಸ ಕಂಡರೆ ಯೋಚಿಸುತ್ತ ಕೂರದೆ 108ಕ್ಕೆ ಕರೆ ಮಾಡಬೇಕು. ಬಂದವರಿಗೆ "ಸಿಒಪಿಡಿ ಇದೆ" ಎಂಬ ಮಾತನ್ನು ಮೊದಲು ಹೇಳಬೇಕು, ಆಮ್ಲಜನಕ ಎಷ್ಟು ಕೊಡಬೇಕೆಂಬುದು ಅದರ ಮೇಲೆ ನಿಂತಿದೆ. ನಮ್ಮ ಮನೆಯಲ್ಲಿ ಕ್ಯಾಲೆಂಡರಿನ ಮೊಳೆಗೇ ಒಂದು ಪ್ಲಾಸ್ಟಿಕ್ ಚೀಲ ತೂಗುಹಾಕಿದ್ದೇವೆ. ಅದರಲ್ಲಿ ಕೊನೆಯ ಸ್ಪೈರೊಮೆಟ್ರಿ ವರದಿ, ಔಷಧಗಳ ಪಟ್ಟಿ, ಆರಾಮವಾಗಿರುವಾಗ ಅಮ್ಮನ ಆಮ್ಲಜನಕ ಎಷ್ಟಿರುತ್ತದೆ ಎಂಬ ಚೀಟಿ, ಆಧಾರ್ ಮತ್ತು ಆರೋಗ್ಯ ಯೋಜನೆಯ ಕಾರ್ಡಿನ ಪ್ರತಿ, ಒಂದು ಹೊಸ ಪಂಪು ಇವೆ. ಪ್ರತಿ ತಿಂಗಳ ಒಂದನೆಯ ತಾರೀಕು, ಕ್ಯಾಲೆಂಡರಿನ ಹಾಳೆ ತಿರುವುವಾಗ, ಅಮ್ಮನೇ ಅದನ್ನು ಇಳಿಸಿ, ಕನ್ನಡಕ ಹಾಕಿಕೊಂಡು, ಪಂಪಿನ ಮೇಲಿನ ಅವಧಿ ಮುಗಿಯುವ ತಾರೀಕನ್ನು ಓದಿ ಮತ್ತೆ ತೂಗುಹಾಕುತ್ತಾರೆ.